ಓನರ್ ಆಂಟಿಯ ಬಲಗಣ್ಣು

ಜಗ್ಗಿನ ಮೂತಿ ಲೋಟದ ಅಂಚಿಗೆ ತಾಗಿ ಟಣ್ ಎಂದಿತು. ಪೀಣ್ಯದ ಕಾರ್ಖಾನೆಗಳ ಬೀದಿಯಲ್ಲಿ ಬೈಕ್ ಓಡಿಸುವಾಗ ನನ್ನ ಎಡಗಣ್ಣಿಗೆ ಕಬ್ಬಿಣದ ಚೂರು ಹೊಕ್ಕಿತ್ತು. ಅದನ್ನು ತೆಗೆಸಿ, ಪಟ್ಟಿ ಹಾಕಿಸಿಕೊಂಡು ಮನೆಯಲ್ಲಿದ್ದೆ. ಮೊದಲ ಸಲ ನೀರು ಲೋಟದ ಪಕ್ಕಕ್ಕೆ ಬಿತ್ತು. ಎರಡನೇ ಸಲ ಮೂತಿಯನ್ನು ಅಂಚಿಗೆ ಒರಗಿಸಿ ಸುರಿದೆ. ಆ ಸದ್ದಿಗೆ ಲಗ್ಗೆರೆಯ ಓನರ್ ಆಂಟಿ ನೆನಪಾದರು...

ನಾನಾಗ ಪಿಯುಸಿ. ನಾವು ಕೆಳಗೆ ಬಾಡಿಗೆಗಿದ್ದೆವು, ಓನರ್ ಮೇಲಿನ ಮಹಡಿಯಲ್ಲಿ. ಆ ಊರಿನ ಹಳೇ ಒಕ್ಕಲು ಮನೆತನ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಸಾಲು ಮನೆ ಕಟ್ಟಿಸಿದ್ದರು. ಎಲ್ಲ ಮನೆಗಳ ಕೀಗಳೂ ಒಂದೇ ಗೊಂಚಲಿನಲ್ಲಿ, ಓನರ್ ಅಂಕಲ್ ಸೊಂಟದಲ್ಲಿ. ಅಂಕಲ್ ಹೊಡೆದಾಗ ಮೇಲಿನಿಂದ ಆಂಟಿಯ ಕೂಗು ಕೇಳಿದ ದಿನ ನಾನು ದಿನಚರಿಯಲ್ಲಿ ಒಂದು ಗೀಟು ಎಳೆಯುತ್ತಿದ್ದೆ. ಫೆಬ್ರವರಿಯ ಒಂದು ಭಾನುವಾರ ಗೀಟಿನ ಪಕ್ಕ ‘ಕಣ್ಣು’ ಎಂದು ಬರೆದಿದ್ದೇನೆ. ಅಂಕಲ್ ಆ ಗೊಂಚಲನ್ನೇ ಬೀಸಿ ಮುಖಕ್ಕೆ ಹೊಡೆದಿದ್ದರು. ಎಡಗಣ್ಣಿನ ಗುಡ್ಡೆ ಸೀಳಿ, ಒಳಗಿನ ಕಂದು ಪದರ ರಕ್ತದ ಜೊತೆ ಹೊರಗೆ ಬಂದಿತ್ತು.

ಆಸ್ಪತ್ರೆಗೆ ಅಮ್ಮನ ಜೊತೆ ನಾನೂ ಹೋಗಿದ್ದೆ. ಡಾಕ್ಟರ್ ಬಿಡಿಸಿ ಹೇಳಿದರು: ರೋಗದ ವಿರುದ್ಧ ಹೋರಾಡುವ ರಕ್ತದ ಕಣಗಳಿಗೆ ಕಣ್ಣಿನ ಒಳಪದರದ ಪರಿಚಯವೇ ಇರುವುದಿಲ್ಲ. ಕಣ್ಣು ಒಡೆದಾಗ ಅದು ಅವುಗಳ ಕೈಗೆ ಸಿಗುತ್ತದೆ. ಶತ್ರುವೆಂದು ತಿಳಿದು, ಅಂಥದೇ ಪದರವಿರುವ ಒಳ್ಳೆಯ ಕಣ್ಣಿನ ಮೇಲೂ ಎರಗಬಹುದು. ಅಪರೂಪ, ಆದರೆ ಹಾಗಾದರೆ ಎರಡೂ ಹೋದಾವು. ಎಡಗಣ್ಣು ಹೇಗೂ ಕಾಣುವುದಿಲ್ಲ. ಬೇಗ ತೆಗೆದರೆ ಬಲಗಣ್ಣಿಗೆ ಕ್ಷೇಮ.

“ಅಂದ್ರೆ, ಒಂದನ್ನ ನನ್ ಗಂಡ ಒಡೆದ, ಇನ್ನೊಂದನ್ನ ನನ್ ಮೈನೇ ಒಡೀತದಾ?” ಆಂಟಿ ಕೇಳಿದರು.

ಅವರ ಮೈದುನ ಬಾಗಿಲಲ್ಲೇ ನಿಂತಿದ್ದ. “ತೆಗೆಸ್ಬ್ಯಾಡಿ ಅತ್ಗೆ. ಕೇಸು ದೊಡ್ಡದಾಯ್ತದೆ, ಅಣ್ಣ ಜೈಲಿಗೋಯ್ತಾನೆ. ಗುಡ್ಡೆ ಇದ್ರೆ ಜಾರಿ ಬಿದ್ರು ಅನ್ಬೋದು.”

“ನಿನ್ ಕಣ್ಣು ಕಿತ್ಕೊಡ್ತೀಯೇನ್ಲಾ? ಕೊಡಂಗಿದ್ರೆ ಹೇಳು, ಇಂಗೇ ಬಿಡ್ತೀನಿ,” ಎಂದು ಆಂಟಿ ಆಪರೇಷನ್ನಿಗೆ ಸಹಿ ಹಾಕಿದರು. ಕೇಸು ಮಾತ್ರ ಮನೆಯವರ ರಾಜಿಯಲ್ಲಿ ಮುಗಿಯಿತು.

ಮರಳಿ ಬಂದ ಮೇಲೆ ಆಂಟಿಗೆ ದೂರದ ಅಂದಾಜು ಸಿಗುತ್ತಿರಲಿಲ್ಲ. ಎರಡು ಕಣ್ಣು ಎರಡು ಕಡೆಯಿಂದ ಕಂಡದ್ದನ್ನು ಮಿದುಳು ಕೂಡಿಸಿದಾಗಲೇ ಹತ್ತಿರದ ವಸ್ತು ಎಷ್ಟು ದೂರದಲ್ಲಿದೆ ಎಂದು ಸರಿಯಾಗಿ ತಿಳಿಯುವುದು. ಬಿಸಿ ಕಾಫಿಯನ್ನು ಬೆರಳ ಮೇಲೆ ಎಷ್ಟೋ ಸಲ ಸುರಿದುಕೊಂಡ ಮೇಲೆ, ಪಾತ್ರೆಯನ್ನು ಲೋಟಕ್ಕೆ ತಾಗಿಸಿಯೇ ಬಗ್ಗಿಸುವುದನ್ನು ಕಲಿತರು. ಟಣ್... ಅಂಕಲ್ ಕಲಿತದ್ದು ಬೇರೆ. ಸದ್ದಿಲ್ಲದೆ, ಆಂಟಿಗೆ ಕಾಣದ ಎಡಗಡೆಯಿಂದ ಬಂದು ತಲೆಗೆ ಬಾರಿಸುತ್ತಿದ್ದರು. ನನ್ನ ಗೀಟುಗಳು ಮತ್ತೆ ಶುರುವಾದವು.

ಒಂದು ಬೆಳಿಗ್ಗೆ ನೀರಿನ ಮೋಟರ್ ಹಾಕಿ ಎನ್ನಲು ಮೇಲೆ ಹೋದೆ. ಅಂಕಲ್ ಆಂಟಿಯ ಜುಟ್ಟು ಹಿಡಿದು, ಬಲಗಣ್ಣಿನ ಮುಂದೆ ಹೆಬ್ಬೆರಳು ಆಡಿಸುತ್ತಿದ್ದರು. “ಇದೊಂದು ಐತಲ್ಲ, ಇದನ್ನೂ ತೆಗೀಲಾ?”

ಆಂಟಿ ಅವರ ಸೊಂಟದಿಂದ ಗೊಂಚಲು ಕಿತ್ತು ಬೀಸಿದರು. ತುಟಿ ಹರಿದು ಎರಡು ಹಲ್ಲು ನೆಲಕ್ಕೆ ಬಿದ್ದವು. ಅಂಕಲ್ ಬಾಯಿ ಮುಚ್ಚಿಕೊಂಡು ಕುಸಿದರು; ಬೆರಳ ಸಂದಿಯಿಂದ ರಕ್ತ ಸುರಿಯಿತು. ಏದುಸಿರಿನಲ್ಲೇ ಆಂಟಿ ನನ್ನ ಕಡೆ ತಿರುಗಿದರು.

“ಕಣ್ಣಿಗೇ ಬೀಸಿದ್ದು ಕಣ್ಲಾ. ಅಂದಾಜು ಸಿಗ್ಲಿಲ್ಲ.”

ಅಂದಿನಿಂದ ಗೊಂಚಲು ಆಂಟಿಯ ಸೊಂಟದಲ್ಲಿತ್ತು. ದಿನಚರಿಯಲ್ಲಿ ಮುಂದೆ ಗೀಟುಗಳಿಲ್ಲ.

ಬಲಗಣ್ಣು ಕೊನೆಯವರೆಗೂ ಉಳಿಯಿತು. ಹೋದ ವರ್ಷ ಜ್ವರ ಬಂದು ಆಂಟಿ ತೀರಿಕೊಂಡರಂತೆ. ನನಗೆ ತಿಳಿದದ್ದು ತಿಥಿಯೂ ಮುಗಿದ ಮೇಲೆ. ನಾಳೆ ನನ್ನ ಪಟ್ಟಿ ಬಿಚ್ಚುತ್ತಾರೆ. ಆಮೇಲೆ ಲೋಟ ಇದ್ದ ಜಾಗದಲ್ಲೇ ಕೈಗೆ ಸಿಗುತ್ತದೆ. ಅಲ್ಲಿಯವರೆಗೆ, ಟಣ್ ಎಂದಾಗಲೆಲ್ಲ ತಲೆ ತಾನಾಗಿ ಎಡಕ್ಕೆ ತಿರುಗುತ್ತದೆ... ಯಾರಾದರೂ ಬಂದರೇ ಎಂದು.