ಒಂದೇ ಕಡೆ ನಿಲ್ಲುವ ಮೀನು

ಇನ್ನು ಕಾರು ಓಡಿಸಬೇಡಿ ಎಂದು ಐರ್ಲೆಂಡಿನ ಕಾರ್ಕ್‌ನ ಕಣ್ಣಿನ ಡಾಕ್ಟರು ಹೇಳಿದ ವಾರವೇ ನನ್ನ ಗಂಡ ಸಮುದ್ರದ ಮೀನು ಸಾಕುತ್ತೇನೆ ಎಂದು ಹಟ ಹಿಡಿದ. ಅವನ ರೆಟಿನಾ ವರ್ಷದಿಂದ ವರ್ಷಕ್ಕೆ ಸವೆಯುತ್ತಿತ್ತು. ಅಂಚಿನ ನೋಟ ಆಗಲೇ ಹೋಗಿ, ನಡುವೆ ಒಂದು ಸಣ್ಣ ಕಿಂಡಿಯಷ್ಟು ಉಳಿದಿತ್ತು. ಅದೂ ಮುಚ್ಚುತ್ತದೆ, ಯಾವಾಗ ಅಂತ ಹೇಳಲಾಗದು ಎಂದಿದ್ದರು.

"ಇರೋವರೆಗೂ ಬಣ್ಣ ನೋಡ್ಕೋತೀನಿ ಕಣೇ," ಎಂದ. ನಾನು ಬೇಡ ಎನ್ನಲಿಲ್ಲ.

ಬ್ಯಾಲಿನ್‌ಕೊಲಿಗ್‌ನ ನಮ್ಮ ಬಾಡಿಗೆ ಮನೆಯ ಹಾಲ್‌ಗೆ ಟ್ಯಾಂಕ್ ಬಂತು. ಉಪ್ಪು ಬೆರೆಸಿದ ನೀರು ಹದಕ್ಕೆ ಬರುವ ತನಕ ಮೀನು ಬಿಡುವಂತಿರಲಿಲ್ಲ. ಆ ಖಾಲಿ ನೀರನ್ನೇ ಅವನು ನೋಡುತ್ತಾ ಕೂರುತ್ತಿದ್ದ.

ಕೊನೆಗೆ ಊರಾಚೆಯ ಮೀನಿನ ಅಂಗಡಿಗೆ ಹೋದೆವು. ಅಂಗಡಿಯಾಕೆ ನಡುವಯಸ್ಸಿನ ಐರಿಷ್ ಹೆಂಗಸು. ಇವನು ನೇರಳೆ ಬಣ್ಣದ ಒಂದು ಮೀನು ತೋರಿಸಿದ. "ಅದು ಬೇಡ, ಉಳಿದ ಯಾವ ಮೀನನ್ನೂ ನೆಮ್ಮದಿಯಾಗಿರೋಕೆ ಬಿಡಲ್ಲ," ಎಂದಳು. ನೀಲಿಯದು ತೋರಿಸಿದ. ಅದು ಬೆಳೆದರೆ ನಮ್ಮ ಟ್ಯಾಂಕ್ ಸಾಲದು. ಅವಳೇ ಒಂದು ಸಾಧು ಮೀನು ತೋರಿಸಿದಳು, ಆದರೆ ಅದು ಸರ್ರನೆ ಓಡುವ ಜಾತಿ.

"ಎಲ್ಲಿ ಹೋಯ್ತು?" ಎಂದು ಇವನು ಗಾಜಿಗೆ ಮೂಗು ತಾಗಿಸಿ ಹುಡುಕಿದ. ಮೀನು ಅವನ ಕಿಂಡಿಯಿಂದ ಆಚೆ ಹೋಗಿತ್ತು. ನಾನು ಅಂಗಡಿಯಾಕೆಗೆ ಅವನ ಕಣ್ಣಿನ ವಿಷಯ ಹೇಳಿದೆ. ಅವಳು ನಮ್ಮನ್ನು ಇನ್ನೊಂದು ಟ್ಯಾಂಕಿನ ಮುಂದೆ ಕರೆದುಕೊಂಡು ಹೋಗಿ, "ಹಾಗಾದ್ರೆ ನಿಮಗೆ ಒಂದೇ ಕಡೆ ನಿಲ್ಲೋ ಮೀನು ಬೇಕು," ಎಂದಳು.

ತಳದ ಮರಳಿನಲ್ಲಿ, ಒಂದು ಬಿಲದ ಬಾಯಲ್ಲಿ ಅಚ್ಚ ಹಳದಿ ಮೀನೊಂದು ಕೂತಿತ್ತು. ಹೆಸರು ಗೋಬಿಯಂತೆ. ಮಂಚೂರಿ ನೆನಪಾಗಿ ನಾವಿಬ್ಬರೂ ನಕ್ಕೆವು, ಅವಳಿಗೆ ಅರ್ಥವಾಗಲಿಲ್ಲ. ಅದೇ ಬಿಲದಲ್ಲಿ ಒಂದು ಸೀಗಡಿಯೂ ಇತ್ತು. ಸೀಗಡಿಗೆ ಕಣ್ಣು ಅಷ್ಟಾಗಿ ಕಾಣುವುದಿಲ್ಲ; ಬಿಲ ತೋಡುವುದು ಅದರ ಕೆಲಸ, ಕಾವಲು ಮೀನಿನದು. ಹೊರಗೆ ಬಂದಾಗಲೆಲ್ಲ ಸೀಗಡಿ ತನ್ನ ಉದ್ದ ಮೀಸೆಯನ್ನು ಮೀನಿನ ಮೈಗೆ ತಾಗಿಸಿಕೊಂಡೇ ಇರುತ್ತದೆ ಎಂದಳು. ಇವನ ನಗು ನಿಂತಿತು. "ಎರಡನ್ನೂ ಕೊಡಿ," ಎಂದ.

ಜೊತೆಗೆ ಬಿಳಿ ಪಟ್ಟೆಯ ಕಿತ್ತಳೆ ಮೀನಿನ ಜೋಡಿಯೊಂದನ್ನೂ ಆರಿಸಿದ. "ಅವನ್ನು ಆಮೇಲೆ ಬಂದು ತಗೊಂಡು ಹೋಗಿ. ಇವು ಮೊದಲು ಹೊಂದಿಕೊಳ್ಳಲಿ, ಎಲ್ಲಾ ಗ್ರ್ಯಾಂಡ್ ಆಗಿರುತ್ತೆ," ಎಂದಳು. ಇಲ್ಲಿಯವರ ಮಾತಿನಲ್ಲಿ ಗ್ರ್ಯಾಂಡ್ ಎಂದರೆ ಸರಿಯಾಗಿ ಎಂದಷ್ಟೇ.

ಕಾರಿನಲ್ಲಿ ಮೀನಿನ ಚೀಲ ತೊಡೆಯ ಮೇಲಿಟ್ಟುಕೊಂಡು ಕೇಳಿದ: "ಯಾವಾಗ್ಲೂ ಇನ್ನೊಬ್ರನ್ನ ಮುಟ್ಕೊಂಡೇ ಇರೋಕೆ ಆ ಸೀಗಡಿಗೆ ಬೇಜಾರಾಗಲ್ವಾ?"

ವೈಪರ್ ಹಾಕಿ ರಸ್ತೆ ನೋಡಿದೆ.

ಆಮೇಲೆ ಕಿತ್ತಳೆ ಜೋಡಿಯೂ ಮನೆಗೆ ಬಂತು. ಆ ಬೇಸಿಗೆ ಚೆನ್ನಾಗಿತ್ತು. ಆಫೀಸಿನ ಕೆಲಸ ಮುಗಿದ ಮೇಲೆ ಅವನು ಗಾಜಿನ ಮುಂದೆ ಕೂತು ನನಗೆ ವರದಿ ಒಪ್ಪಿಸುತ್ತಿದ್ದ. ಚಳಿ ಶುರುವಾಗುವಾಗ ಕಿತ್ತಳೆ ಮೀನುಗಳು ಅವನ ಕಣ್ಣಿಗೆ ಸಿಗದಾದವು. ಹಳದಿ ಮಾತ್ರ ಉಳಿಯಿತು, ಅದೂ ಮಸುಕಾಗಿ.

ಒಂದು ಬೆಳಿಗ್ಗೆ ಹಳದಿ ಮೀನು ಟ್ಯಾಂಕಿನ ಹಿಂದೆ ನೆಲದ ಮೇಲೆ ಒಣಗಿ ಬಿದ್ದಿತ್ತು. ಮುಚ್ಚಳದ ಸಂದಿಯಿಂದ ಹಾರಿತ್ತು. ಅವನು ಅಡುಗೆಮನೆಯಲ್ಲಿ ಇಯರ್‌ಫೋನ್ ಹಾಕಿಕೊಂಡು, ಲ್ಯಾಪ್‌ಟಾಪ್ ಓದಿ ಹೇಳುವುದನ್ನು ಕೇಳಿ ಕೆಲಸ ಮಾಡುತ್ತಿದ್ದ. ಹೋಗಿ ಹೇಳಿದೆ. ಕೈ ಚಾಚಿದ. ಅಂಗೈ ಮೇಲಿಟ್ಟೆ. ಬೆರಳಿನಿಂದ ತಲೆಯಿಂದ ಬಾಲದವರೆಗೆ ಸವರಿದ.

"ಇಷ್ಟೇ ಇಷ್ಟಿತ್ತಾ?" ಎಂದ. "ನಂಗೆ ದೊಡ್ಡದಾಗಿ ಕಾಣ್ತಿತ್ತು."

ಡಾಕ್ಟರು ಹೇಳಿದ ದಿನ ಅಳದವನು ಆಗ ಅತ್ತ. ನಾನು ಅವನ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡು ನಿಂತೆ.

ಸೀಗಡಿ ಬಿಲ ಬಿಟ್ಟು ಬರಲಿಲ್ಲ. "ನೀನೇ ಹೋಗಿ ಇನ್ನೊಂದು ಆರಿಸ್ಕೊಂಡು ಬಾ," ಎಂದ. ಒಬ್ಬಳೇ ಹೋದೆ. ಹಳದಿ ಇರಲಿಲ್ಲ, ಸೀಗಡಿಯ ಜೊತೆ ಬಾಳುವ ಕಂದು ಪಟ್ಟೆಯದೊಂದನ್ನು ತಂದೆ.

"ಯಾವ ಬಣ್ಣ?"

"ಕಂದು ಪಟ್ಟೆ. ಹಳದಿ ಸಿಗಲಿಲ್ಲ ಕಣೋ."

"ಪರವಾಗಿಲ್ಲ ಬಿಡು," ಎಂದ, ಮುಖವನ್ನು ಟ್ಯಾಂಕಿನ ಕಡೆಗೇ ಇಟ್ಟುಕೊಂಡು.

ಹೊಸ ಮೀನು ಆ ಬಿಲ ಸೇರಿಕೊಂಡಿತು. ಈಗ ನೋಡುವವಳು ನಾನೊಬ್ಬಳೇ. ಅವನು ಪಕ್ಕದಲ್ಲಿ ಕೂತಿರುತ್ತಾನೆ, ಕೇಳಿದರೆ ಹೇಳುತ್ತೇನೆ. ಈಚೆಗೆ ಕೇಳುವುದು ಕಡಿಮೆಯಾಗಿದೆ.