ಒಂದೇ ಹರಿವಾಣದ ಊಟ

ರೇಷ್ಮೆ ಕೊಳ್ಳಲು ಬಂದಿದ್ದ ಇಬ್ಬರಿಗೆ ನಾನು ದುಭಾಷಿ. ಒಬ್ಬ ಇಂಗ್ಲೆಂಡಿನ ಸಾಹೇಬ, ಇನ್ನೊಬ್ಬ ಇರಾಕಿನ ಯೂಸುಫ್. ಕಾರು ಬಿಡದಿ ದಾಟುವಾಗ ಸಾಹೇಬ ಯೂಸುಫನ ಎದುರಿಗೇ ನನಗೆ ಪಾಠ ಹೇಳಿದ: "ಇವರ ಕಡೆ ಶಿಯಾ, ಸುನ್ನಿ, ಕ್ರೈಸ್ತ ಯಾರೂ ಒಂದೇ ತಟ್ಟೆಯಲ್ಲಿ ಉಣ್ಣುವವರಲ್ಲ. ನಾವು ಬ್ರಿಟಿಷರು ಇರಾಕನ್ನು ಆಳುವಾಗಷ್ಟೇ ತೆಪ್ಪಗಿದ್ದರು." ನನಗೆ ಮೈಯೆಲ್ಲ ಉರಿಯಿತು. ಯೂಸುಫ್ ಕಿಟಕಿಯಾಚೆ ನೋಡುತ್ತಿದ್ದ.

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಸಾಬರ ಮನೆಯಲ್ಲಿ ಊಟ. ಚಾಪೆಯ ಮೇಲೆ ದೊಡ್ಡ ಹರಿವಾಣದ ತುಂಬ ಬಿರಿಯಾನಿ, ಸುತ್ತ ನಾವೆಲ್ಲ. ಬಡಿಸುತ್ತಿದ್ದ ಅಜ್ಜಿಗೆ ಅರಬ್ಬರ ನಾಡಿನ ನೆಂಟ ಬಂದ ಹಿಗ್ಗು. "ದುವಾ ನೀನೇ ಹೇಳಪ್ಪ" ಎಂದರು. ಯೂಸುಫನ ಮುಖ ಕೆಂಪಾಯಿತು. ನಾನು ತಿಳಿಸಿದ್ದಕ್ಕೆ, ತಾನು ಕ್ರೈಸ್ತ ಎಂದು ಇಂಗ್ಲಿಷಿನಲ್ಲಿ ಹೇಳಿದ. ಸಾಹೇಬ ನನ್ನತ್ತ ನೋಡಿ ಮುಸಿನಕ್ಕ. ನಾನು ಅಳುಕುತ್ತಲೇ ಕನ್ನಡಕ್ಕೆ ತಂದೆ.

"ಅದಕ್ಕೇನಂತೆ? ಅವ್ರಮ್ಮ ಏನ್ ಹೇಳ್ಕೊಟ್ಟವ್ರೋ ಅದ್ನೇ ಹೇಳ್ಲಿ. ಬಿರಿಯಾನಿ ಆರೋಯ್ತೈತೆ!" ಎಂದರು ಅಜ್ಜಿ.

ಯೂಸುಫ್ ಅರಬ್ಬಿಯಲ್ಲಿ ಪ್ರಾರ್ಥಿಸಿದ. ಮನೆಯವರೂ ಯೂಸುಫನೂ "ಆಮೀನ್" ಅಂದು ಹರಿವಾಣಕ್ಕೆ ಕೈ ಹಾಕಿದರು. ಗೌಡರ ಮಗ ನಾನೂ ಹಾಕಿದೆ.

ಆಗ ಸಾಹೇಬ ನನ್ನ ಕಿವಿಯ ಹತ್ತಿರ ಬಾಗಿ, ತನಗೊಂದು ಬೇರೆ ತಟ್ಟೆ ಸಿಗುತ್ತದೆಯೇ ಎಂದು ಪಿಸುಗುಟ್ಟಿದ. ಇಡೀ ಮನೆಗೆ ಕೇಳುವಂತೆ ಅನುವಾದಿಸಿದೆ. ಯೂಸುಫನಿಗೂ ತಿಳಿಯಲಿ ಎಂದು ಇನ್ನೊಂದು ಸಲ ಇಂಗ್ಲಿಷಿನಲ್ಲಿ.