ನೀಲವ್ವ ಕಾಕುವಿನ ಅವಸರದ ಕಂಪ್ಯೂಟರ್

ಬನಹಟ್ಟಿಯ ನಮ್ಮ ಓಣಿಯಲ್ಲಿ ಟೇಬಲ್ ಫ್ಯಾನಿನ ಗಾಳಿ ಮನುಷ್ಯರಿಗೆ ಸಿಗದ ಮನೆ ಒಂದೇ ಇತ್ತು. ಅದು ಓಣಿಗೆಲ್ಲ ಚಿಕ್ಕಮ್ಮನಂತಿದ್ದ ನೀಲವ್ವ ಕಾಕುವಿನದು. ಫ್ಯಾನು ಸದಾ ಕಂಪ್ಯೂಟರಿನ ಬಿಚ್ಚಿದ ಹೊಟ್ಟೆಯ ಕಡೆಗೇ ಮುಖ ಮಾಡಿರುತ್ತಿತ್ತು. ಸುಡು ಬೇಸಿಗೆಯಲ್ಲಿ ಬೀಗರು ಬಂದರೂ ಅದನ್ನು ಇತ್ತ ತಿರುಗಿಸುತ್ತಿರಲಿಲ್ಲ.

"ನಿಮಗ ಬೆವರ ಬಂದ್ರ ಒರಸ್ಕೊಂತೀರಿ. ಅದಕ್ಕ ಕೈ ಎಲ್ಲೈತ್ರಿ?" ಎನ್ನುತ್ತಿದ್ದಳು.

ಕಾಕು ಸೀರೆಯ ಅಂಚು, ಸೆರಗುಗಳ ಡಿಸೈನ್ ಮಾಡಿ ಮಗ್ಗದವರಿಗೆ ಕೊಡುತ್ತಿದ್ದಳು. ಅವಸರ ಅವಳ ಹುಟ್ಟುಗುಣ. ಚಹಾ ಕುದಿಯುವ ಮೊದಲೇ ಸೋಸುವವಳು, ನಮ್ಮ ಮಾತು ಮುಗಿಯುವ ಮೊದಲೇ ಉತ್ತರ ಕೊಡುವವಳು. ಇಂಥವಳಿಗೆ ಒಂದು ಮುದಿ ಕಂಪ್ಯೂಟರ್ ಗಂಟುಬಿದ್ದಿತ್ತು. ದೊಡ್ಡ ಸೆರಗಿನ ಡಿಸೈನ್ ತೆರೆದರೆ ಅದು ಏದುಸಿರು ಬಿಡುತ್ತಿತ್ತು.

ನಾನು ಆಗ ಓಣಿಯ ಕಂಪ್ಯೂಟರ್ ಪಂಡಿತ. ಪ್ರೊಸೆಸರನ್ನು ಕಂಪನಿ ಹೇಳಿದ್ದಕ್ಕಿಂತ ಹೆಚ್ಚು ವೇಗವಾಗಿ ಓಡಿಸುವ ವಿಡಿಯೋಗಳನ್ನು ನೋಡಿ ನೋಡಿ, ಎಲ್ಲಕ್ಕಿಂತ ಮೊದಲು ನನ್ನ ತಲೆಯೇ ಬಿಸಿಯಾಗಿತ್ತು. ಸ್ವಂತ ಕಂಪ್ಯೂಟರನ್ನು ಮುಟ್ಟುವ ಧೈರ್ಯವಿರಲಿಲ್ಲ. ಪರರದ್ದಾದರೆ ನಾನು ಶೂರ. ಕಾಕುವಿನ ಮಗಳು ಸವಿತಾಳ ಮದುವೆ ಹತ್ತಿರ ಬಂದಿತ್ತು. ಮಗಳ ಸೀರೆಯ ಸೆರಗಿನ ತುಂಬ ತಾನೇ ಗಿಳಿ ಬಿಡಿಸಿ ಕೊಡಬೇಕೆಂದು ಕಾಕುವಿನ ಆಸೆ. ಮಗ್ಗದವರು ಡಿಸೈನಿಗಾಗಿ ಕಾದಿದ್ದರು.

ಇಬ್ಬರೂ ಕೂಡಿ ಪ್ರೊಸೆಸರಿನ ಜೊತೆಗೆ ಮೆಮೊರಿಯ ವೇಗವನ್ನೂ ಏರಿಸಿದೆವು. ಸೆರಗು ಪಟ್ಟನೆ ತೆರೆಯಿತು. ಇಷ್ಟು ವೇಗದಲ್ಲಿ ಮೆಮೊರಿ ತಪ್ಪು ಮಾಡುತ್ತದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಇದೆ, ಅದನ್ನು ಹಚ್ಚಿ ಇಡೀ ದಿನ ಬಿಡಬೇಕು ಎಂದೆ. ಕಾಕು ಸ್ವಲ್ಪ ಹೊತ್ತಿಗೇ ನಿಲ್ಲಿಸಿಬಿಟ್ಟಳು.

"ಲೇ ತಮ್ಮಾ, ಇದರ ಪರೀಕ್ಷಾ ಮುಗಿಯೂದ್ರಾಗ ಸವಿತಾನ ಮಕ್ಕಳು ಸಾಲಿಗೆ ಹೊಂಟಿರ್ತಾವು. ಪಾಸ್ ಅನ್ನು, ಸಾಕು."

ನನ್ನ ಬಾಯಿ ತುಂಬ ಅವಳೇ ಕೊಟ್ಟ ಅವಲಕ್ಕಿ ಚೂಡಾ ಇತ್ತು. ಓಣಿಯ ಪಂಡಿತರು ಹೌದೆಂದು ತಲೆಯಾಡಿಸಿದರು.

ಮದುವೆಯ ದಿನ ಮುಧೋಳದ ಬೀಗಿತ್ತಿ ಸೆರಗನ್ನು ಕೈಯಲ್ಲಿ ಹಿಡಿದು ನಿಂತುಬಿಟ್ಟರು.

"ನೀಲವ್ವಾರ, ಈ ಗಿಣಿಗೆ ಕಣ್ಣ ಇಲ್ಲಲ್ರೀ!"

ಅಷ್ಟು ಗಿಳಿಗಳ ನಡುವೆ ಅದೊಂದೇ. ಓಡುವ ಭರದಲ್ಲಿ ಮೆಮೊರಿ ಒಂದು ಚುಕ್ಕಿ ನುಂಗಿತ್ತು. ಮಗ್ಗ ತನಗೆ ಕೊಟ್ಟಿದ್ದನ್ನೇ ನೇಯ್ದಿತ್ತು. ಸವಿತಾಳ ಮುಖ ಸಣ್ಣದಾಯಿತು. ಕಂಪ್ಯೂಟರ್ ಪಂಡಿತನು ಊಟದ ಪಂಕ್ತಿಯ ಕಡೆ ಜಾರಲು ದಾರಿ ನೋಡಿದ. ಕಾಕು ಮಾತ್ರ ಅದೇ ಉಸಿರಿಗೆ ಉತ್ತರ ಕೊಟ್ಟಿದ್ದಳು:

"ಕಣ್ಣ ಐತ್ರಿ. ನಿಮ್ಮ ಮಗನ್ನ ನೋಡಿ ಕಣ್ಣ ಹೊಡದೈತ್ರಿ!"

ಬೀಗಿತ್ತಿಗೆ ನಗು ತಡೆಯಲಾಗಲಿಲ್ಲ. ಸವಿತಾಳೂ ನಕ್ಕಳು.

ಹೋದ ವರ್ಷ ಕಾಕು ತೀರಿಕೊಂಡಳು. ಅದರಲ್ಲೂ ಅವಸರ, ಜ್ವರವೆಂದು ಜಮಖಂಡಿಯ ದವಾಖಾನೆಗೆ ಕರೆದೊಯ್ದವರು ಮರುದಿನವೇ ಅವಳಿಲ್ಲದೆ ಮನೆ ಸೇರಿದರು. ಸವಿತಾ ಕಂಪ್ಯೂಟರನ್ನೂ ಫ್ಯಾನನ್ನೂ ನನಗೆ ಕೊಟ್ಟಳು. ನಾನು ಮೊದಲು ಅದರ ವೇಗವನ್ನು ಕಂಪನಿ ಹೇಳಿದಷ್ಟಕ್ಕೆ ಇಳಿಸಿದೆ. ಆಮೇಲೆ ಆ ಮೆಮೊರಿ ಪರೀಕ್ಷೆಯನ್ನು ಹಚ್ಚಿ, ಫ್ಯಾನನ್ನು ನನ್ನ ಕಡೆ ತಿರುಗಿಸಿಕೊಂಡು ಕುಳಿತೆ. ಪರೀಕ್ಷೆ ಇಡೀ ದಿನ ನಡೆದು, ಒಂದೂ ತಪ್ಪಿಲ್ಲದೆ ಪಾಸಾಯಿತು. ನಡುವೆ ಯಾರೂ ಬಂದು ನಿಲ್ಲಿಸಲಿಲ್ಲ. ಆಗ ನನಗೆ ಅಳು ಬಂತು.

ಫ್ಯಾನನ್ನು ಮತ್ತೆ ಕಂಪ್ಯೂಟರಿನ ಕಡೆಗೇ ತಿರುಗಿಸಿದೆ. ನನಗಾದರೂ ಒರೆಸಿಕೊಳ್ಳಲು ಕೈ ಇತ್ತು.